ಮಕ್ಕಳಿಗೆ ಕ್ರೋಶಾ ಕಲಿಸುವ ಕ್ರಮ: ಮೊದಲ ಸಾಲು ನೀವೇ ಹಾಕಿಕೊಡಿ

ಬೇಸಿಗೆ ರಜೆ ಶುರುವಾದರೆ ಸಾಕು, ಪರಿಚಯದ ಅಮ್ಮಂದಿರು, ಅಜ್ಜಿಯರು ನನಗೆ ಹೇಳುವುದು ಒಂದೇ ಕಥೆ. ತುದಿಗೆ ಕೊಕ್ಕೆ ಇರುವ ಕ್ರೋಶಾ ಕಡ್ಡಿ ತಂದೆವು, ಉಲ್ಲನ್ ತಂದೆವು, ವಿಡಿಯೋ ಹಾಕಿ ಕೂರಿಸಿದೆವು. ಮಗು ಕುಣಿಕೆಯೊಳಗಿಂದ ಕುಣಿಕೆ ಎಳೆದು ಉದ್ದಕ್ಕೆ ಚೈನ್ ಏನೋ ಹಾಕಿತು. ಆದರೆ ಚೈನಿನ ಮೇಲೆ ಸಾಲು ಹಾಕಲು ಹೋದಾಗ ಅಳು ಶುರು. ಈಗ ಕಡ್ಡಿ ಮುಟ್ಟುವುದೇ ಇಲ್ಲ.

ಮಗುವಿಗೆ ತಾಳ್ಮೆ ಇಲ್ಲ ಅಂತಲ್ಲ. ನಾವು ಕಲಿಸುವ ಕ್ರಮವೇ ತಲೆಕೆಳಗು. ಬರಿ ಚೈನಿನ ಮೇಲೆ ಮೊದಲ ಸಾಲು ಹಾಕುವುದು ದೊಡ್ಡವರಿಗೂ ತೊಡಕಿನ ಕೆಲಸ. ಚೈನ್ ಹಗುರ, ಸುಮ್ನೆ ತಿರುಚಿಕೊಳ್ಳುತ್ತದೆ. ಎಡಗೈಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಯಾವ ತೂತಿಗೆ ಕಡ್ಡಿ ಹಾಕಬೇಕು ಅಂತಲೂ ಕಾಣುವುದಿಲ್ಲ. ಅದನ್ನೇ ಎರಡನೇ ದಿನದ ಪಾಠ ಮಾಡಿದರೆ ಯಾವ ಮಗು ತಾನೇ ಕೂತೀತು?

ನಾನು ಕಲಿಸುವ ಕ್ರಮ ಬೇರೆ. ಮೊದಲು ಬರಿ ಬೆರಳು. ಆಮೇಲೆ ದೊಡ್ಡವರು ನಾಲ್ಕು ಸಾಲು ಹಾಕಿಟ್ಟ ಪಟ್ಟಿಯ ಮೇಲೆ ಕಡ್ಡಿ. ಅದು ಕೈಗೆ ಕೂತ ಮೇಲೆ ಚೈನ್. ಚೈನಿನ ಮೇಲಿನ ಮೊದಲ ಸಾಲು ಎಲ್ಲಕ್ಕಿಂತ ಕೊನೆಗೆ.

ಯಾವ ವಯಸ್ಸಿಗೆ?

ಬೆರಳಿನ ಚೈನಿಗೆ 5 ವರ್ಷ ಸಾಕು. ಕಡ್ಡಿ ಹಿಡಿಸಲು ಸಾಮಾನ್ಯವಾಗಿ 7–8 ವರ್ಷ ಆಗಿರಬೇಕು. ವಯಸ್ಸಿಗಿಂತ ನಾನು ನೋಡುವುದು ಇನ್ನೊಂದನ್ನು: ಶೂ ಲೇಸ್ ತಾನೇ ಕಟ್ಟಿಕೊಳ್ಳುತ್ತದಾ? ಮೂರು ಎಳೆ ಹಿಡಿದು ಗೊಂಬೆಗೆ ಜಡೆ ಹಾಕುತ್ತದಾ? ಎರಡರಲ್ಲಿ ಒಂದು ಬಂದರೂ ಕೈ ತಯಾರಾಗಿದೆ ಅಂತ ಅರ್ಥ. ಗಂಡು ಮಕ್ಕಳನ್ನೂ ಕೂರಿಸಿ. ಹುಡುಗರ ಕೈಗೆ ಇದು ಬರುವುದಿಲ್ಲ ಅನ್ನುವುದು ನಮ್ಮ ತಲೆಯಲ್ಲಿರುವ ಮಾತು, ಅವರ ಕೈಯಲ್ಲಿರುವುದಲ್ಲ.

ಬೇಕಾಗುವ ಸಾಮಾನು

ಕಡ್ಡಿ: 5 ಮಿಲಿಮೀಟರಿನದು ಒಂದು, 6 ಮಿಲಿಮೀಟರಿನದು ಒಂದು. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಹಿಡಿಕೆಗೆ ರಬ್ಬರ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಸೀರೆ ಕುಚ್ಚು ಹಾಕುವ ಸಣ್ಣ ಸ್ಟೀಲ್ ಕಡ್ಡಿ ಇದೆ, ಅದರಲ್ಲೇ ಶುರು ಮಾಡೋಣ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಅದರ ತುದಿ ಚೂಪು, ದಾರ ತೆಳು, ಹಾಕಿದ ಸ್ಟಿಚ್ ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ.

ದಾರ: ನುಣುಪಾದ, ಒಂದೇ ಬಣ್ಣದ, ತಿಳಿ ಬಣ್ಣದ ದಾರ. ದಪ್ಪ ಮಧ್ಯಮ ಇರಲಿ. ಉಂಡೆಯ ಲೇಬಲ್ ಮೇಲೆ ಕಡ್ಡಿಯ ಅಳತೆ ಹಾಕಿದ್ದರೆ 5 ಮಿಲಿಮೀಟರ್ ಸುತ್ತಮುತ್ತ ಇರುವುದನ್ನು ಆರಿಸಿ. ಅಂಗಡಿಯಲ್ಲಿ ಮಗು ಕೈ ಹಾಕುವುದು ಮೂರಕ್ಕೇ: ಕಪ್ಪು, ಕಾಮನಬಿಲ್ಲಿನ ಬಣ್ಣ, ಬೆಕ್ಕಿನ ಮೈಯಂಥ ತುಪ್ಪಳದ ದಾರ. ಕಲಿಯಲು ಮೂರೂ ಆಗುವುದಿಲ್ಲ. ಕಪ್ಪಿನಲ್ಲಿ ತೂತು ಕಾಣದು. ಬಣ್ಣ ಬದಲಾಗುವ ದಾರದಲ್ಲಿ ಸ್ಟಿಚ್ ಎಣಿಸಲು ಕಷ್ಟ. ತುಪ್ಪಳದ ದಾರ ಬಿಚ್ಚಲು ಬರುವುದಿಲ್ಲ. ಹಳದಿಯೋ, ತಿಳಿ ಗುಲಾಬಿಯೋ, ಆಕಾಶ ನೀಲಿಯೋ, ಇದರಲ್ಲಿ ಯಾವುದು ಬೇಕು ಅಂತ ಕೇಳಿ. ಆರಿಸಿದ್ದು ತಾನೇ ಅನ್ನುವ ಖುಷಿ ಮಗುವಿಗೂ ಇರಲಿ.

ಕೊಳ್ಳುವ ಮುಂಚೆ ದಾರದ ತುದಿಯನ್ನು ಎರಡು ಬೆರಳ ನಡುವೆ ಹೊಸೆದು ನೋಡಿ. ತಕ್ಷಣ ನಾಲ್ಕು ಎಳೆಯಾಗಿ ಬಿಚ್ಚಿಕೊಂಡರೆ ಬಿಟ್ಟುಬಿಡಿ. ಕಡ್ಡಿ ಪ್ರತಿ ಸಲ ಎಳೆಯ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ.

ಇಷ್ಟರ ಜೊತೆಗೆ ನಾಲ್ಕು ಸೇಫ್ಟಿ ಪಿನ್ನು, ಒಂದು ಕತ್ತರಿ, ತುದಿ ಮೊಂಡಾದ ದೊಡ್ಡ ಕಣ್ಣಿನ ಸೂಜಿ, ಉಂಡೆ ಇಡಲು ಒಂದು ಡಬ್ಬಿ ಅಥವಾ ಬಟ್ಟೆ ಚೀಲ. ಡಬ್ಬಿ ಇಲ್ಲದಿದ್ದರೆ ಉಂಡೆ ಮಂಚದ ಕೆಳಗೆ ಉರುಳಿ ಕಸವನ್ನೆಲ್ಲ ಸುತ್ತಿಕೊಂಡು ಬರುತ್ತದೆ.

ಕೂರುವ ಬಗೆ

ಮಗು ಬಲಗೈಯದಾದರೆ ಪಕ್ಕದಲ್ಲಿ ಕೂರಿ, ಇಬ್ಬರೂ ಒಂದೇ ದಿಕ್ಕಿಗೆ ನೋಡುವಂತೆ. ಎದುರು ಕೂತರೆ ಎಲ್ಲ ತಿರುಗುಮುರುಗಾಗಿ ಕಾಣುತ್ತದೆ. ಎಡಗೈ ಮಗುವಿಗೆ ಇದೇ ಅನುಕೂಲ: ನೀವು ಬಲಗೈಯವರಾದರೆ ಎದುರು ಕೂರಿ, ಕನ್ನಡಿ ನೋಡಿದ ಹಾಗೆ ನಿಮ್ಮನ್ನು ನೋಡಿ ಮಾಡಲಿ. ಬಲಗೈಯವರ ಸಾಲು ಬಲದಿಂದ ಎಡಕ್ಕೆ ಹೋದರೆ ಎಡಗೈಯವರದು ಎಡದಿಂದ ಬಲಕ್ಕೆ. ಅದನ್ನು ತಿದ್ದಲು ಹೋಗಬೇಡಿ.

ನೀವೂ ನಿಮ್ಮದೇ ಒಂದು ಕಡ್ಡಿ, ದಾರ ಹಿಡಿದುಕೊಳ್ಳಿ. ಇದು ಬಹಳ ಮುಖ್ಯ. "ಕೊಡಿಲ್ಲಿ, ನಾನು ಮಾಡಿ ತೋರಿಸ್ತೀನಿ" ಅಂತ ಮಗುವಿನ ಕೈಯಿಂದ ಕಿತ್ತುಕೊಂಡರೆ ಆ ಕೆಲಸ ಅಲ್ಲಿಗೆ ನಿಮ್ಮದಾಯಿತು, ಮಗುವಿನದಲ್ಲ. ತೋರಿಸುವುದೇನಿದ್ದರೂ ನಿಮ್ಮ ದಾರದಲ್ಲಿ ತೋರಿಸಿ.

ಒಂದು ಸಲಕ್ಕೆ 15–20 ನಿಮಿಷ ಸಾಕು. ಚೆನ್ನಾಗಿ ಬರುತ್ತಿರುವಾಗಲೇ ನಿಲ್ಲಿಸಿ. ಸುಸ್ತಾಗಿ, ತಪ್ಪಾಗಿ, ಬೈಸಿಕೊಂಡು ನಿಲ್ಲಿಸಿದ ಮಗು ಮಾರನೇ ದಿನ ಬರುವುದಿಲ್ಲ.

ಹಂತ 1: ಬೆರಳಿನಲ್ಲಿ ಚೈನ್

ಕಡ್ಡಿಯನ್ನು ಇನ್ನೂ ಹೊರಗೆ ತೆಗೆಯಬೇಡಿ. ಮೊದಲು ಜಾರುಗುಣಿಕೆ. ದಾರವನ್ನು ಮೇಜಿನ ಮೇಲೆ ಒಂದು ಸುತ್ತು ಹಾಕಿ, ಉಂಡೆಯ ಕಡೆಯ ದಾರವನ್ನು ಆ ಸುತ್ತಿನ ಒಳಗಿಂದ ಕುಣಿಕೆಯಾಗಿ ಎಳೆದು, ತುದಿ ಹಿಡಿದು ಜಗ್ಗಿದರೆ ಗಂಟು ಕೂರುತ್ತದೆ. ಉಂಡೆಯ ಕಡೆಯ ದಾರ ಎಳೆದಾಗ ಕುಣಿಕೆ ಚಿಕ್ಕದಾಗಬೇಕು. ಆಗಲಿಲ್ಲ ಅಂದರೆ ಬಿಚ್ಚಿ ಇನ್ನೊಮ್ಮೆ. ಸಣ್ಣ ಮಕ್ಕಳಿಗೆ ಈ ಗಂಟನ್ನು ನೀವೇ ಹಾಕಿಕೊಡಿ. ಇಲ್ಲಿ ಅರ್ಧ ಗಂಟೆ ಕಳೆಯುವ ಅಗತ್ಯವಿಲ್ಲ.

ಈಗ ಆ ಕುಣಿಕೆಯೊಳಗೆ ಹೆಬ್ಬೆರಳು, ತೋರುಬೆರಳು ತೂರಿಸಿ ಆಚೆ ಇರುವ ದಾರ ಹಿಡಿದು ಎಳೆಯುವುದು. ಹೊಸ ಕುಣಿಕೆ ಬಂತು. ಮತ್ತೆ ಅದರೊಳಗೆ ಬೆರಳು. ಅಷ್ಟೇ.

ಮಗು ತನ್ನ ಎತ್ತರದಷ್ಟು ಉದ್ದ ಚೈನ್ ಹಾಕಲಿ. ಆಮೇಲೆ ಇನ್ನೊಂದು. ಮೊದಮೊದಲು ಒಂದು ಕುಣಿಕೆ ಬಳೆಯಷ್ಟು, ಇನ್ನೊಂದು ಸಾಸಿವೆಯಷ್ಟು ಇರುತ್ತದೆ. ಏನೂ ಹೇಳಬೇಡಿ. ಎರಡನೆಯದು ಮುಗಿಯುವ ಹೊತ್ತಿಗೆ ತಾನಾಗಿ ಸಮ ಆಗುತ್ತದೆ. ಈ ಚೈನುಗಳು ಜಡೆಗೆ ರಿಬ್ಬನ್, ಉಡುಗೊರೆ ಪೊಟ್ಟಣಕ್ಕೆ ದಾರ, ರಾಖಿ, ಏನಾದರೂ ಆಗಲಿ. ಬಳಕೆಗೆ ಬರಬೇಕು, ಕಸದ ಬುಟ್ಟಿಗಲ್ಲ.

ಮುಂದಕ್ಕೆ ಹೋಗಬಹುದು ಅನ್ನುವುದಕ್ಕೆ ಗುರುತು: ಮಗು ನಿಮ್ಮ ಜೊತೆ ಮಾತಾಡುತ್ತಲೇ ಚೈನ್ ಹಾಕುತ್ತಿರುತ್ತದೆ.

ಹಂತ 2: ಪಟ್ಟಿ ತಯಾರಿ, ಇದು ನಿಮ್ಮ ಕೆಲಸ

ಮಗು ಮಲಗಿದ ಮೇಲೆ ಮಾಡಿಡಿ. 6 ಮಿಲಿಮೀಟರ್ ಕಡ್ಡಿಯಲ್ಲಿ ಸಡಿಲವಾಗಿ 13 ಚೈನ್ ಹಾಕಿ. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು, ಗಂಟನ್ನೂ ಎಣಿಸಬಾರದು. ಕಡ್ಡಿಯ ಪಕ್ಕದ ಮೊದಲ ಚೈನ್ ಬಿಟ್ಟು ಎರಡನೆಯದರಿಂದ ಸಿಂಗಲ್ ಕ್ರೋಶಾ ಶುರು ಮಾಡಿದರೆ ಸಾಲಿಗೆ 12 ಸ್ಟಿಚ್. ಹೀಗೆ ನಾಲ್ಕು ಸಾಲು (ಸಿಂಗಲ್ ಕ್ರೋಶಾ ಸ್ಟಿಚ್ ಹಾಕುವ ಬಗೆ ಹಂತ 3ರಲ್ಲಿ, ಸಾಲಿನ ತುದಿಯಲ್ಲಿ ತಿರುಗುವ ಬಗೆ ಹಂತ 4ರಲ್ಲಿ ಇದೆ). ನಾಲ್ಕನೆಯದು ಮುಗಿದ ಮೇಲೆ ಒಂದು ಚೈನ್ ಹಾಕಿ, ಪಟ್ಟಿ ತಿರುಗಿಸಿ, ಕುಣಿಕೆಗೆ ಪಿನ್ನು ಚುಚ್ಚಿಡಿ. ದಾರ ಕತ್ತರಿಸಬೇಡಿ. ಸಾಲಿನ ಮೊದಲ ಸ್ಟಿಚ್ಚಿಗೂ ಕೊನೆಯ ಸ್ಟಿಚ್ಚಿಗೂ ಒಂದೊಂದು ಪಿನ್ನು ಹಾಕಿ.

ನಾಳೆ ಮಗುವಿನ ಎಡಗೈಗೆ ಹಿಡಿಯಲು ಒಂದು ಗಟ್ಟಿ ಪಟ್ಟಿ ಇರುತ್ತದೆ. ಸ್ಟಿಚ್ ದೊಡ್ಡದಾಗಿ ಕಾಣುತ್ತದೆ. ಇದು ಮೋಸ ಅನ್ನುವವರಿದ್ದಾರೆ. ಸೈಕಲ್ ಕಲಿಸುವಾಗ ಪಕ್ಕದ ಸಣ್ಣ ಚಕ್ರ ಹಾಕುವುದಿಲ್ಲವೇ, ಹಾಗೆ ಇದು.

ವಿಡಿಯೋ, ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಸಿಂಗಲ್ ಅನ್ನುವ ಹೆಸರು ಎಲ್ಲಾದರೂ ಬಂದರೆ ಅದು ಅಮೆರಿಕದ ಲೆಕ್ಕ. ನಾನಿಲ್ಲಿ ಬಳಸುತ್ತಿರುವುದೂ ಅದನ್ನೇ.

ಹಂತ 3: ಕಡ್ಡಿ ಹಿಡಿಯುವುದು, ಐದು ಮಾತು

ಕಡ್ಡಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿಯಬಹುದು, ಚಾಕು ಹಿಡಿದ ಹಾಗೂ ಹಿಡಿಯಬಹುದು. ಎರಡೂ ಸರಿ. ಮಗು ತಾನಾಗಿ ಹೇಗೆ ಹಿಡಿಯುತ್ತದೋ ಹಾಗೆ ಬಿಡಿ. ದಾರವನ್ನು ಕಿರುಬೆರಳಿಗೆ ಸುತ್ತಿ, ತೋರುಬೆರಳ ಮೇಲೆ ಹಾಯಿಸಿ ಅನ್ನುವ ಪಾಠವೂ ಈಗ ಬೇಡ. ಸದ್ಯಕ್ಕೆ ದಾರ ತೋರುಬೆರಳ ಮೇಲೆ ಹಾದು ಹೋದರೆ ಸಾಕು.

ಸಾಲಿನ ಮೇಲಂಚು ನೋಡಲು ಹೇಳಿ. ಜಡೆ ಹೆಣೆದ ಹಾಗೆ ಕಾಣುತ್ತದೆ. ಒಂದೊಂದು ಹೆಣಿಗೆಯೂ ಒಂದು ಸ್ಟಿಚ್, ಒಂದೊಂದಕ್ಕೂ ಎರಡು ಎಳೆ. ಕಡ್ಡಿ ಆ ಎರಡೂ ಎಳೆಯ ಕೆಳಗೆ ಹೋಗಬೇಕು. ಮೊದಲು ಕಡ್ಡಿ ಬೇಡ, ಬೆರಳಿನಲ್ಲಿ ಮುಟ್ಟಿ 12 ಎಣಿಸಲಿ.

ಆಮೇಲೆ ಐದು ಮಾತು, ಜೋರಾಗಿ ಹೇಳಿಕೊಂಡು:

ಒಳಗೆ. ಸುತ್ತು. ಹೊರಗೆ. ಸುತ್ತು. ಎರಡೂ ದಾಟು.

"ಒಳಗೆ" ಅಂದರೆ ಎರಡು ಎಳೆಯ ಕೆಳಗೆ ಕಡ್ಡಿ. "ಸುತ್ತು" ಅಂದರೆ ದಾರವನ್ನು ಕಡ್ಡಿಯ ಮೇಲೆ ಹಿಂದಿನಿಂದ ಮುಂದಕ್ಕೆ ಹಾಕುವುದು. "ಹೊರಗೆ" ಅಂದಾಗ ಆ ದಾರವನ್ನು ಹಿಡಿದು ಬಂದ ದಾರಿಯಲ್ಲೇ ವಾಪಸ್. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ ಇರಬೇಕು. ಇಲ್ಲಿ ನಿಲ್ಲಿಸಿ ಎಣಿಸಲು ಹೇಳಿ. ಮತ್ತೆ "ಸುತ್ತು". ಕೊನೆಗೆ ಎರಡೂ ಕುಣಿಕೆಯನ್ನು ಒಟ್ಟಿಗೆ ದಾಟಿಸುವುದು. ಉಳಿಯುವುದು ಒಂದೇ ಕುಣಿಕೆ.

ಮಕ್ಕಳು ಅತಿ ಹೆಚ್ಚು ಸಿಕ್ಕಿಕೊಳ್ಳುವುದು "ಹೊರಗೆ" ಬರುವಾಗ. ಕಡ್ಡಿಯ ಕೊಕ್ಕೆ ಮೇಲೆ ನೋಡುತ್ತಿದ್ದರೆ ಸ್ಟಿಚ್ಚಿನ ಎಳೆಗೇ ಕಚ್ಚಿಕೊಳ್ಳುತ್ತದೆ. ಕೊಕ್ಕೆಯ ಬಾಯಿ ನೆಲ ನೋಡುತ್ತಿರಲಿ, ಸರಾಗವಾಗಿ ಜಾರುತ್ತದೆ. "ಕೋಳಿ ತಲೆ ಬಗ್ಗಿಸಿ ಗೂಡಿನಿಂದ ಹೊರಗೆ ಬರ್ತಿದೆ" ಅಂತ ಹೇಳಿ ನೋಡಿ. ನಗುತ್ತಾರೆ, ತಲೆ ಬಗ್ಗಿಸುತ್ತಾರೆ.

ಮೊದಲ ದಿನ ಒಂದು ಸಾಲು ಮುಗಿದರೆ ಹಬ್ಬ. ಅರ್ಧ ಸಾಲಾದರೂ ಚಿಂತೆಯಿಲ್ಲ.

ಹಂತ 4: ತಿರುಗುವುದು, ಎಣಿಸುವುದು

ಸಾಲಿನ ತುದಿಗೆ ಬಂದಾಗ ಒಂದು ಚೈನ್ ಹಾಕಿ ಪಟ್ಟಿಯನ್ನು ಪುಸ್ತಕದ ಹಾಳೆ ಮಗುಚಿದಂತೆ ತಿರುಗಿಸಬೇಕು. ಸಿಂಗಲ್ ಕ್ರೋಶಾದಲ್ಲಿ ಈ ಒಂದು ಚೈನ್ ಲೆಕ್ಕಕ್ಕಿಲ್ಲ. ಅದರ ಬುಡದಲ್ಲೇ ಇರುವ ಸ್ಟಿಚ್ಚೇ ಹೊಸ ಸಾಲಿನ ಮೊದಲನೆಯದು.

"ನನ್ನ ಚೌಕ ತ್ರಿಕೋನ ಆಗ್ತಿದೆ" ಅನ್ನುವ ದೂರು ಹುಟ್ಟುವುದು ಇಲ್ಲೇ. ಮಗು ಮೊದಲ ಸ್ಟಿಚ್ ಬಿಟ್ಟು ಎರಡನೆಯದಕ್ಕೆ ಹೋಗಿರುತ್ತದೆ, ಇಲ್ಲವೇ ಕೊನೆಯದನ್ನು ನೋಡದೆ ತಿರುಗಿರುತ್ತದೆ. ಪಟ್ಟಿ ಅಗಲ ಆಗುತ್ತಿದ್ದರೆ ಒಂದೇ ತೂತಿಗೆ ಎರಡು ಸಲ ಹೋಗಿದೆ, ಅಥವಾ ತಿರುಗುವ ಚೈನಿನೊಳಗೂ ಒಂದು ಸ್ಟಿಚ್ ಹಾಕಿದೆ.

ಮದ್ದು ಪಿನ್ನು. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ತಕ್ಷಣ ಅದರ ತಲೆಗೆ ಪಿನ್ನು ಹಾಕಬೇಕು. ವಾಪಸ್ ಬರುವಾಗ ಅದೇ ಕೊನೆಯ ಸ್ಟಿಚ್. ಪಿನ್ನಿರುವ ಜಾಗಕ್ಕೆ ಸ್ಟಿಚ್ ಬೀಳದೆ ಸಾಲು ಮುಗಿಯುವುದಿಲ್ಲ ಅನ್ನುವುದು ಮನೆಯ ಕಾನೂನು. ಸಾಲು ಮುಗಿದಾಗಲೆಲ್ಲ ಬೆರಳಿಟ್ಟು 12 ಎಣಿಸಲಿ. 11 ಬಂದರೆ ಆ ಒಂದು ಸಾಲು ಬಿಚ್ಚುವುದು, ಐದು ಸಾಲು ಆದ ಮೇಲಲ್ಲ.

ಬಿಚ್ಚುವುದನ್ನೂ ಕಲಿಸಬೇಕು. ದಾರ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದು ಮಕ್ಕಳಿಗೆ ಆಟ. ಮೊದಲೇ ಬೇಕಂತಲೇ ನಿಮ್ಮದೊಂದು ಸಾಲು ಬಿಚ್ಚಿಸಿ, ಮತ್ತೆ ಹಾಕಿ ತೋರಿಸಿ. ಆಗ ತಮ್ಮದು ಬಿಚ್ಚುವಾಗ ಅಳುವುದಿಲ್ಲ. ಆದರೆ ಸಣ್ಣಪುಟ್ಟ ತಪ್ಪಿಗೆಲ್ಲ ಬಿಚ್ಚಿಸಬೇಡಿ. ಎಣಿಕೆ ತಪ್ಪಿದ್ದರೆ ಬಿಚ್ಚಿ. ಒಂದು ಸ್ಟಿಚ್ ಸೊಟ್ಟಗಿದ್ದರೆ ಬಿಡಿ, ಅಜ್ಜಿಯ ಹಳೇ ತೋರಣದಲ್ಲೂ ಹುಡುಕಿದರೆ ಸಿಗುತ್ತದೆ.

ಹಂತ 5: ಮೊದಲ ವಸ್ತು

ಇದೇ ಪಟ್ಟಿಯನ್ನು ಮುಂದುವರಿಸಿದರೆ ಕಾಫಿ ಲೋಟದ ಕೆಳಗಿಡುವ ಚೌಕ ಆಗುತ್ತದೆ. 12 ಸ್ಟಿಚ್ ಅಂದರೆ ಸುಮಾರು 8–9 ಸೆಂಟಿಮೀಟರ್ ಅಗಲ. ಎಷ್ಟು ಸಾಲು ಅಂತ ಹೇಳಬೇಡಿ. ಒಂದು ಮೂಲೆಯನ್ನು ಎದುರು ಮೂಲೆಯ ಕಡೆಗೆ ಮಡಚಿ ನೋಡಲು ಹೇಳಿ. ಅಂಚುಗಳು ಕೂಡಿದರೆ ಚೌಕ ಆಯಿತು.

ಮುಗಿಸುವಾಗ 15 ಸೆಂಟಿಮೀಟರ್ ದಾರ ಬಿಟ್ಟು ಕತ್ತರಿಸಿ, ಆ ತುದಿಯನ್ನು ಕೊನೆಯ ಕುಣಿಕೆಯೊಳಗೆ ಪೂರ್ತಿ ಎಳೆದು ಬಿಗಿ ಮಾಡಿ. ಸೂಜಿಗೆ ಪೋಣಿಸಿ ಸ್ಟಿಚ್ಚುಗಳ ಒಳಗೆ ಒಂದು ದಿಕ್ಕಿಗೆ ನಾಲ್ಕೈದು ಬಾರಿ, ವಾಪಸ್ ಇನ್ನೊಂದು ದಿಕ್ಕಿಗೆ ಎರಡು ಮೂರು ಬಾರಿ ಹಾಯಿಸಿ. ಒಂದೇ ದಿಕ್ಕಿಗೆ ಹಾಯಿಸಿದ ತುದಿ ಒಗೆದಾಗ ಹೊರಗೆ ಬರುತ್ತದೆ.

ಅಕ್ರಿಲಿಕ್ ಉಲ್ಲನ್ನಿನಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡಿಸಬೇಡಿ. ಒಲೆಯಿಂದ ಇಳಿಸಿದ ಪಾತ್ರೆಗೆ ಅದು ಕರಗುತ್ತದೆ. ಅದಕ್ಕೆ ಹತ್ತಿ ದಾರವೇ ಆಗಬೇಕು.

ಇನ್ನು ಗೊಂಬೆ. ಮಕ್ಕಳು ಮೊದಲ ದಿನವೇ ಕೇಳುವುದು ಅದನ್ನೇ: ಆಮೆ, ಆಕ್ಟೋಪಸ್, ಮೊಲ. ಗೊಂಬೆಗೆ ದುಂಡಗೆ ಸುತ್ತು ಹಾಕಲು ಬರಬೇಕು, ಸ್ಟಿಚ್ ಹೆಚ್ಚಿಸುವುದು ಇಳಿಸುವುದು ಬರಬೇಕು, ಬಿಗಿಯಾಗಿ ಹಾಕಬೇಕು. ಈಗಷ್ಟೇ ಕಲಿತ ಕೈಗೆ ಅದು ಶಿಕ್ಷೆ. ಬದಲಿಗೆ ಇದೇ ಚೌಕವನ್ನು ಮಡಚಿ, ಎರಡು ಬದಿ ಹೊಲಿದು, ಹತ್ತಿ ತುಂಬಿ, ಮೂಲೆಯಲ್ಲಿ ಎರಡು ಕಿವಿ ಕಟ್ಟಿ, ಕಣ್ಣು ದಾರದಲ್ಲೇ ಹೊಲಿದರೆ ಬೆಕ್ಕು ತಯಾರು. ಬಟ್ಟೆಯ ಬೆಕ್ಕಾದರೂ ಬೆಕ್ಕೇ ತಾನೇ.

ಹಂತ 6: ಕಡ್ಡಿಯಲ್ಲಿ ಚೈನ್, ಕೊನೆಗೆ ಸ್ವಂತ ಮೊದಲ ಸಾಲು

ಎರಡು ಚೌಕ ಮುಗಿಸಿದ ಮಗುವಿಗೆ ಈಗ ಚೈನ್ ಕಷ್ಟವೇ ಅಲ್ಲ. ಸುತ್ತು, ದಾಟು, ಅಷ್ಟೇ. ಕುಣಿಕೆ ಕಡ್ಡಿಯ ದಪ್ಪ ಭಾಗದ ಮೇಲೆ ಕೂತಿರಬೇಕು. ಕೊಕ್ಕೆಯ ಹತ್ತಿರದ ಸಣ್ಣ ಕುತ್ತಿಗೆಯ ಮೇಲೆ ಹಾಕಿದರೆ ಚೈನ್ ಬಿಗಿಯಾಗುತ್ತದೆ, ಆಮೇಲೆ ಕಡ್ಡಿ ಒಳಗೆ ಹೋಗುವುದಿಲ್ಲ. ಆದ್ದರಿಂದ ಚೈನಿಗೆ 6, ಸಾಲಿಗೆ 5 ಮಿಲಿಮೀಟರ್ ಕಡ್ಡಿ ಕೊಡಿ.

13 ಚೈನ್ ಆದ ಮೇಲೆ ಅದನ್ನು ಮೇಜಿನ ಮೇಲೆ ನೇರ ಮಲಗಿಸಿ, ಜಡೆಯಂಥ ಮುಖ ಮೇಲೆ ಬರುವಂತೆ. ಮೊದಲ ಬಾರಿಗೆ ಎರಡು ಎಳೆಯ ಹಟ ಬೇಡ, ಮೇಲಿನ ಒಂದು ಎಳೆಯ ಕೆಳಗೆ ಕಡ್ಡಿ ಹೋದರೂ ನಡೆಯುತ್ತದೆ. ಮೊದಲ ಎರಡು ಸ್ಟಿಚ್ಚಿಗೆ ಚೈನನ್ನು ನೀವು ಹಿಡಿದುಕೊಳ್ಳಿ. ಮೂರನೆಯದರಿಂದ ಮಗುವೇ ಹಿಡಿಯುತ್ತದೆ. ಯಾಕಂದರೆ ಐದು ಮಾತು ಆಗಲೇ ಕೈಯಲ್ಲಿದೆ, ಹೊಸದು ಚೈನ್ ಒಂದೇ.

ಡಬಲ್ ಕ್ರೋಶಾ ಅನ್ನುವ ಎತ್ತರದ ಸ್ಟಿಚ್, ದುಂಡಗೆ ಹಾಕುವ ಸುತ್ತು ಎಲ್ಲ ಇದಾದ ಮೇಲೆ. ಸುತ್ತಿಗೆ ಲೆಕ್ಕ ಇಷ್ಟು: ಸಿಂಗಲ್ ಕ್ರೋಶಾದಲ್ಲಿ 6ರಿಂದ ಶುರು, ಪ್ರತಿ ಸುತ್ತಿಗೂ 6 ಹೆಚ್ಚು. 6, 12, 18, 24. ಲೆಕ್ಕ ತಪ್ಪಿ ಕಡಿಮೆ ಆದರೆ ಬಟ್ಟಲಿನಂತೆ ಮೇಲೇಳುತ್ತದೆ, ಜಾಸ್ತಿ ಆದರೆ ನೆರಿಗೆ ಬೀಳುತ್ತದೆ.

ನಿಲ್ಲಿಸಬೇಕಾದ ಗುರುತುಗಳು

ಭುಜ ಕಿವಿಯವರೆಗೆ ಏರಿದೆ. ಕಡ್ಡಿ ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿದೆ. ಕಡ್ಡಿ ದಾರದ ಮೇಲೆ ಕಿರ್ ಅನ್ನುತ್ತಿದೆ. ಇವು ಬಿಗಿ ಹಿಡಿತದ ಗುರುತು. "ಸಡಿಲ ಮಾಡು, ಸಡಿಲ ಮಾಡು" ಅಂದರೆ ಯಾವ ಮಗುವೂ ಸಡಿಲ ಮಾಡುವುದಿಲ್ಲ, ಇನ್ನೂ ಬಿಗಿ ಮಾಡುತ್ತದೆ. ಮಾತಾಡದೆ ದೊಡ್ಡ ಕಡ್ಡಿ ಕೊಟ್ಟುಬಿಡಿ. ನಾಲಿಗೆ ಹೊರಗೆ ಬಂದಿದ್ದರೆ ಮಾತ್ರ ಹೆದರಬೇಡಿ, ಅದು ಗಮನದ ಗುರುತು.

ದಾರ ಸುತ್ತಿದ ಬೆರಳ ತುದಿ ಕೆಂಪಾಗಿದ್ದರೆ, ನೀಲಿಯಾಗಿದ್ದರೆ ತಕ್ಷಣ ಬಿಚ್ಚಿ. ಮನೆಯಲ್ಲಿ ಕೂಸಿದ್ದರೆ ತುಂಡು ದಾರ ನೆಲದ ಮೇಲೆ ಬಿಡಬೇಡಿ, ಅದು ಕೂಸಿನ ಕಾಲ್ಬೆರಳಿಗೆ ಸುತ್ತಿಕೊಳ್ಳುವ ಅಪಾಯ ಇದೆ. ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಯಾವುದಕ್ಕೂ ಮಣಿ, ಗುಂಡಿ ಬೇಡ. ಕತ್ತರಿ, ಪಿನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ.

ಮಧ್ಯದಲ್ಲಿ ಬಿಟ್ಟರೆ

ಶಾಲೆ ಶುರುವಾಯಿತು, ಪರೀಕ್ಷೆ ಬಂತು, ಮೂರು ವಾರ ಕೆಲಸ ಮೂಲೆಯಲ್ಲಿ. ಬಿಡಿ. ಎತ್ತಿಡುವಾಗ ಕಡ್ಡಿ ತೆಗೆದು ಕುಣಿಕೆಯನ್ನು ಒಂದು ಗೇಣು ಉದ್ದ ಎಳೆದು ಪಿನ್ನು ಹಾಕಿ. ಕಡ್ಡಿ ಹಾಗೇ ಬಿಟ್ಟರೆ ಜಾರಿ ಬಿದ್ದು ಅರ್ಧ ಸಾಲು ಬಿಚ್ಚಿಹೋಗುತ್ತದೆ. ಮಗುವಿಗೆ ಮತ್ತೆ ಮನಸ್ಸಾದಾಗ ಮೊದಲ ಗೊಂದಲ ಇದು: ಯಾವ ಕಡೆಗೆ ಹೋಗಬೇಕು? ಬಲಗೈ ಮಗುವಾದರೆ ಅರ್ಧ ಸಾಲಿನಲ್ಲಿ ಆಗಲೇ ಹಾಕಿದ ಸ್ಟಿಚ್ಚುಗಳು ಕಡ್ಡಿಯ ಬಲಕ್ಕೆ ಬರುವಂತೆ ಪಟ್ಟಿ ಹಿಡಿಯಬೇಕು, ಎಡಗೈ ಮಗುವಾದರೆ ಎಡಕ್ಕೆ. ಹಿಡಿದ ಮೇಲೆ ಕುಣಿಕೆಯನ್ನು ಕಡ್ಡಿಗೆ ಏರಿಸಿ, ದಾರ ಎಳೆದು ಸಣ್ಣ ಮಾಡಿ, ಹೊಸ ಸ್ಟಿಚ್ ಹಾಕುವ ಮುಂಚೆ ಆ ಸಾಲಿನಲ್ಲಿ ಎಷ್ಟಿದೆ ಅಂತ ಒಮ್ಮೆ ಎಣಿಸಿಬಿಡಿ.